ಬಿಸಿಲು, ಬಂಡೆ, ಮುಳ್ಳು: ಆದೋನಿಯ ಬೆಟ್ಟಕ್ಕೆ ಏನು ತೊಟ್ಟು ಹೋಗಬೇಕು

ಗುಂತಕಲ್ಲಿನಿಂದ ರಾಯಚೂರಿನ ಕಡೆಗೆ ಹೋಗುವ ರೈಲಿನಲ್ಲಿ ಕೂತರೆ ಆದೋನಿಗಿಂತ ಮೊದಲು ಆದೋನಿಯ ಬೆಟ್ಟಗಳು ಕಣ್ಣಿಗೆ ಬೀಳುತ್ತವೆ. ಸುತ್ತ ಹತ್ತಿ, ಕಡಲೆ, ಜೋಳದ ಎರೆಭೂಮಿ. ನಡುವೆ ಬಂಡೆಯ ಮೇಲೆ ಬಂಡೆ ಒಟ್ಟಿಕೊಂಡ ಐದು ಗ್ರಾನೈಟ್ ಗುಡ್ಡಗಳು. ಅವುಗಳಲ್ಲಿ ಎತ್ತರದವು ಬಾರಾಕಿಲ್ಲಾ ಮತ್ತು ತಾಳಿಬಂಡ, ಬಯಲಿನಿಂದ ಸುಮಾರು 800 ಅಡಿ. ವಿಜಯನಗರದವರ, ಬಿಜಾಪುರದ ಆದಿಲ್‌ಶಾಹಿಗಳ, ಆಮೇಲೆ ನಿಜಾಮನ ಮನೆತನದವರ ಕೈಯಲ್ಲಿದ್ದ ಕೋಟೆಯನ್ನು 1786ರಲ್ಲಿ ಟಿಪ್ಪು ಗೆದ್ದುಕೊಂಡ. ಈಗ ಈ ಗುಡ್ಡಗಳನ್ನು ಏರುವವರು ರಣಮಂಡಲದ ಆಂಜನೇಯನಿಗೆ ಹೋಗುವ ಭಕ್ತರು, ಕೋಟೆ ನೋಡುವವರು, ಬಳ್ಳಾರಿ, ರಾಯಚೂರುಗಳಿಂದ ರಜೆಯಲ್ಲಿ ಬರುವ ಹುಡುಗ ಹುಡುಗಿಯರು. ಆದೋನಿ, ಆಲೂರು, ಹೊಳಗುಂದ, ಪತ್ತಿಕೊಂಡದ ಗುಡ್ಡಗಾಡನ್ನು ವರ್ಷವಿಡೀ ಸುತ್ತುವವರು ಮಾತ್ರ ಕುರಿ ಕಾಯುವವರೇ.

ಚಾರಣಕ್ಕೆಂದು ಪೇಟೆಯಲ್ಲಿ ಮಾರುವ ಉಡುಪಿನ ಬಹುಪಾಲು ಹಿಮದ, ಚಳಿಯ, ಸದಾ ಒದ್ದೆಯಾಗಿರುವ ಪರ್ವತಗಳಿಗಾಗಿ ಹುಟ್ಟಿದ್ದು. ಮೈಯ ಶಾಖವನ್ನು ಒಳಗೇ ಹಿಡಿದಿಡುವುದು, ಹೊರಗಿನ ನೀರನ್ನು ತಡೆಯುವುದು ಅದರ ಮುಖ್ಯ ಕೆಲಸ. ಪಶ್ಚಿಮ ಕರ್ನೂಲಿನಲ್ಲಿ ಆಗಬೇಕಾದ ಕೆಲಸ ಇದಕ್ಕೆ ತಿರುವುಮುರುವು. ಹಗಲು ಮೈಯ ಶಾಖ ಹೊರಗೆ ಹೋಗಬೇಕು, ಬಿಸಿಲು ಒಳಗೆ ಬರಬಾರದು, ಮುಳ್ಳು ನಾಟಬಾರದು. ರಾತ್ರಿಯ ಚಳಿಗೂ ವರ್ಷಕ್ಕೆ ಕೆಲವೇ ಸಲ ಹೊಡೆದು ಹೋಗುವ ಮಳೆಗೂ ಕೈಯಲ್ಲಿ ಒಂದು ಹೊದಿಕೆ ಇರಬೇಕು. ಈ ಲೆಕ್ಕವನ್ನು ಎಲ್ಲರಿಗಿಂತ ಚೆನ್ನಾಗಿ ಬಿಡಿಸಿಟ್ಟವರು ಇಲ್ಲಿನ ಕುರುಬರು ಮತ್ತು ಹೊಲಗೆಲಸದ ಹೆಂಗಸರು ಎಂಬುದು ನನ್ನ ದೃಢವಾದ ಅಭಿಪ್ರಾಯ. ಅವರು ತೊಡುವುದನ್ನು ಹಾಗೆಯೇ ನಕಲು ಮಾಡಬೇಕಿಲ್ಲ. ಅದು ಯಾಕೆ ಕೆಲಸ ಮಾಡುತ್ತದೆ ಎಂದು ತಿಳಿದರೆ ಸಾಕು, ಅಂಗಡಿಯಲ್ಲಿ ಏನು ಕೊಳ್ಳಬೇಕು, ಏನು ಬಿಡಬೇಕು ಎಂಬುದು ತಾನೇ ತಿಳಿಯುತ್ತದೆ.

ಮೊದಲು ಬಿಸಿ ಎಲ್ಲಿಂದ ಬರುತ್ತದೆ ನೋಡೋಣ. ಬೆಟ್ಟ ಏರಿದರೆ ತಂಪು ಎಂಬುದು ಮಲೆನಾಡಿನ ಮಾತು. 800 ಅಡಿ ಏರಿದರೆ ಗಾಳಿಯ ಉಷ್ಣಾಂಶ ಎರಡು ಡಿಗ್ರಿ ಆಸುಪಾಸು ಇಳಿದೀತು, ಅಷ್ಟೆ. ಆ ಲಾಭವನ್ನು ಬಂಡೆ ನುಂಗಿಹಾಕುತ್ತದೆ. ಗ್ರಾನೈಟ್ ಹಗಲೆಲ್ಲ ಬಿಸಿಲು ಹೀರಿ, ಸಂಜೆ ಹೊತ್ತು ಮುಳುಗಿದ ಮೇಲೂ ಗಂಟೆಗಟ್ಟಲೆ ಕಾವು ಬಿಡುತ್ತಿರುತ್ತದೆ. ಹೀಗಾಗಿ ಬೆಟ್ಟದ ಮೇಲಿನವನಿಗೆ ನೆತ್ತಿಯಿಂದ ಸೂರ್ಯ, ಕಾಲಡಿಯಿಂದ ಮತ್ತು ಪಕ್ಕದಿಂದ ಬಂಡೆ, ಸುತ್ತಿನಿಂದ ಬಿಸಿಗಾಳಿ. ಬೇಸಿಗೆಯಲ್ಲಿ ಇಲ್ಲಿ 40 ಡಿಗ್ರಿ ದಾಟುವುದು ಸಾಮಾನ್ಯ. ಗಾಳಿ 35 ಡಿಗ್ರಿಯ ಮೇಲೆ ಹೋಯಿತೆಂದರೆ ಚರ್ಮದಿಂದ ಗಾಳಿಗೆ ಶಾಖ ಹರಿಯುವುದು ನಿಂತು, ಗಾಳಿಯಿಂದಲೇ ಮೈಗೆ ಹರಿಯತೊಡಗುತ್ತದೆ. ಆಗ ದೇಹಕ್ಕೆ ಉಳಿಯುವ ದಾರಿ ಬೆವರೊಂದೇ.

ಬೆವರಿನ ಶಕ್ತಿ ದೊಡ್ಡದು. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಮೈಯಿಂದ ಸುಮಾರು 580 ಕಿಲೋಕ್ಯಾಲೊರಿ ಶಾಖ ಹೊರಹೋಗುತ್ತದೆ. ಬಿಸಿಲಲ್ಲಿ ಏರುವ ಮನುಷ್ಯ ಗಂಟೆಗೆ ಅರ್ಧದಿಂದ ಒಂದು ಲೀಟರ್ ಬೆವರುವುದು ಸಹಜ. ಆದರೆ ಬೆವರು ಮೈಯ ಮೇಲೇ ಆವಿಯಾಗಬೇಕು. ಹನಿಯಾಗಿ ನೆಲಕ್ಕೆ ಬಿದ್ದ ಬೆವರಿನಿಂದ ತಂಪಿಲ್ಲ, ನೀರು ಮಾತ್ರ ನಷ್ಟ. ಇಲ್ಲಿ ಹತ್ತಿಬಟ್ಟೆ ಉಪಕಾರಿಯಾಗುತ್ತದೆ. ಹತ್ತಿಯ ಎಳೆ ನೀರನ್ನು ಪ್ರೀತಿಯಿಂದ ಹೀರುತ್ತದೆ, ನಿಧಾನವಾಗಿ ಬಿಡುತ್ತದೆ. ಚಾರಣದ ಕೈಪಿಡಿಗಳು ಹತ್ತಿಯನ್ನು ಬೈಯುವುದು ಈ ಗುಣಕ್ಕೇ. ಕುಮಾರಪರ್ವತದಲ್ಲೋ ಕುದುರೆಮುಖದಲ್ಲೋ ಅದು ನ್ಯಾಯವಾದ ಬೈಗುಳ. ಅಲ್ಲಿನ ತೇವದ ಗಾಳಿಯಲ್ಲಿ ಹತ್ತಿ ಒಣಗುವುದೇ ಇಲ್ಲ, ಗಾಳಿ ಬೀಸಿದೊಡನೆ ಮೈ ನಡುಗುತ್ತದೆ. ಅಲ್ಲಿಗೆ ಪಾಲಿಯೆಸ್ಟರ್ ಸರಿ. ಅದರ ಎಳೆ ತನ್ನ ತೂಕದ ನೂರಕ್ಕೆ ಅರ್ಧಪಾಲಿನಷ್ಟೂ ತೇವ ಹೀರುವುದಿಲ್ಲ, ಬೇಗ ಒಣಗುತ್ತದೆ. ಆದೋನಿಯ ಒಣಗಾಳಿಯಲ್ಲಿ ಒದ್ದೆ ಬಟ್ಟೆಯೇ ಬೇಕು. ಹತ್ತಿ ಅಂಗಿ ಬೆವರನ್ನು ಮೈಗಂಟಿಸಿ ಹಿಡಿದುಕೊಂಡು ಹೊತ್ತುಹೊತ್ತು ಆವಿಯಾಗಿಸುತ್ತದೆ. ಈ ಊರು ಆಂಧ್ರದ ದೊಡ್ಡ ಹತ್ತಿ ಮಾರುಕಟ್ಟೆಗಳಲ್ಲೊಂದು. ಇಲ್ಲಿ ಬೆಟ್ಟ ಹತ್ತಲು ಬಂದವರು ದೂರದಿಂದ ತಂದ ಬಿಗಿಯಾದ ನೈಲಾನ್ ಬನಿಯನ್ನಿನಲ್ಲಿ ಬೇಯುವುದನ್ನು ಕಂಡರೆ ನನಗೆ ನಿಜವಾಗಿ ಬೇಸರವಾಗುತ್ತದೆ.

ಅಂಗಿ ತುಂಬುತೋಳಿನದಿರಲಿ, ಸಡಿಲವಾಗಿರಲಿ. ಮೆಣಸಿನಕಾಯಿ ಹರಿಯುವ, ಹತ್ತಿ ಬಿಡಿಸುವ ಹೆಂಗಸರು ಸೀರೆಯ ಮೇಲೆ ಗಂಡಸರ ತುಂಬುತೋಳಿನ ಹಳೆ ಅಂಗಿ ತೊಟ್ಟು, ತಲೆಗೆ ಟವೆಲ್ಲು ಕಟ್ಟಿ ಹೊಲಕ್ಕಿಳಿಯುವುದನ್ನು ಈ ಸೀಮೆಯ ಯಾವ ರಸ್ತೆಯಲ್ಲೂ ನೋಡಬಹುದು. ಸೆಕೆಗೆ ತೋಳು ತೆರೆದಿಡಬೇಕು ಎಂಬುದು ನೆರಳಿನಲ್ಲಿ ಕೂತವರ ಲೆಕ್ಕ. ನೇರ ಬಿಸಿಲಲ್ಲಿ ತೆರೆದ ತೋಳು ಸೂರ್ಯನ ಶಾಖವನ್ನೆಲ್ಲ ತಾನೇ ಹೊರುತ್ತದೆ. ಮುಚ್ಚಿದ ತೋಳಿನಲ್ಲಿ ಅದನ್ನು ಬಟ್ಟೆ ಹೊರುತ್ತದೆ, ಬಟ್ಟೆ ಮತ್ತು ಚರ್ಮದ ನಡುವಿನ ಗಾಳಿ ಅದನ್ನು ಹೊತ್ತೊಯ್ಯುತ್ತದೆ. ಅಂಗಿ ಸಡಿಲವಾಗಿದ್ದರೆ ಬಿಸಿಯಾದ ಗಾಳಿ ಕೊರಳಿನ ಕಡೆಯಿಂದ ಮೇಲಕ್ಕೆ ಹೋಗಿ, ಕೆಳಗಿನಿಂದ ಹೊಸ ಗಾಳಿ ಒಳಬರುತ್ತದೆ. ತೆಳುವಾದ ಬಿಳಿ ಬನಿಯನ್ನಿಗೆ ನೇರಳಾತೀತ ಕಿರಣಗಳನ್ನು ತಡೆಯುವ ಶಕ್ತಿ ಕಡಿಮೆ, ಒದ್ದೆಯಾದರೆ ಇನ್ನೂ ಕಡಿಮೆ. ಒತ್ತಾಗಿ ನೇಯ್ದ ಖಾದಿಯೋ ಕೈಮಗ್ಗದ ಬಟ್ಟೆಯೋ ಈ ವಿಷಯದಲ್ಲಿ ಎಷ್ಟೋ ಮೇಲು.

ಬಣ್ಣದ ಬಗ್ಗೆ ಒಂದು ಮಾತು. ಕಪ್ಪು ಬಟ್ಟೆ ಬಿಸಿಲು ಹೀರುತ್ತದೆ ಎಂಬುದು ನಿಜ. ಆದರೆ ಮರುಭೂಮಿಯ ಬೆದೂಯಿನ್ ಕುರಿಗಾಹಿಗಳು ಕಪ್ಪು ನಿಲುವಂಗಿ ತೊಡುತ್ತಾರಲ್ಲ, ಅದು ಹೇಗೆ? 1980ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಒಂದು ಸಂಶೋಧನೆ ಇದನ್ನು ಅಳೆದು ನೋಡಿತು. ಕಪ್ಪು ನಿಲುವಂಗಿಯ ಬಟ್ಟೆ ಬಿಳಿಯದಕ್ಕಿಂತ ಹೆಚ್ಚು ಬಿಸಿಯಾಗುತ್ತದೆ, ಆದರೂ ಒಳಗಿನ ಮೈಗೆ ಮುಟ್ಟುವ ಶಾಖ ಎರಡರಲ್ಲೂ ಒಂದೇ. ಹೆಚ್ಚುವರಿ ಶಾಖ ಚರ್ಮಕ್ಕೆ ತಲುಪುವ ಮೊದಲೇ ಗಾಳಿಗೆ ಹೋಗಿರುತ್ತದೆ. ದಪ್ಪವೂ ಸಡಿಲವೂ ಆದ ಬಟ್ಟೆಗೆ ಮಾತ್ರ ಇದು ಸಲ್ಲುತ್ತದೆ. ಮೈಗಂಟಿದ ಕಪ್ಪು ಟೀಶರ್ಟು ಸುಡುತ್ತದೆ. ಹೆಗಲ ಮೇಲೆ ಕರಿ ಕಂಬಳಿ ಇಳಿಬಿಟ್ಟುಕೊಂಡು ಮಧ್ಯಾಹ್ನದ ಬಯಲಲ್ಲಿ ನಿಂತ ಕುರುಬನಿಗೂ ಇದೇ ಲೆಕ್ಕ ಅನ್ವಯಿಸುತ್ತದೆ.

ತಲೆಗೆ ಟೋಪಿಗಿಂತ ರುಮಾಲು ಒಳ್ಳೆಯದು. ಸುತ್ತುಗಳ ನಡುವೆ ಸಿಕ್ಕಿಕೊಂಡ ಗಾಳಿ ನೆತ್ತಿಗೆ ಬಿಸಿಲು ಇಳಿಯದಂತೆ ತಡೆಯುತ್ತದೆ. ಒಂದು ತುದಿಯನ್ನು ಕತ್ತಿನ ಹಿಂದೆ ಇಳಿಬಿಟ್ಟರೆ ಅಲ್ಲಿಗೂ ನೆರಳು. ನೀರು ಸಿಕ್ಕಲ್ಲಿ ನೆನೆಸಿ ಕಟ್ಟಿದರೆ ಒಣಗುವ ತನಕ ತಂಪು. ಬಾರಾಕಿಲ್ಲಾದ ಅರ್ಧದಾರಿಯಲ್ಲಿ ಒಂದು ಕೆರೆಯಿದೆ, ಎಂದೂ ಬತ್ತದು ಎಂಬ ಹೆಸರು ಅದಕ್ಕೆ. ಆದರೆ ಅದನ್ನು ನಂಬಿಕೊಂಡು ಕುಡಿಯುವ ನೀರು ಬಿಟ್ಟು ಹೋಗಬಾರದು. ಈಚೆಗೆ ಎಷ್ಟೋ ಕುರಿಗಾಹಿಗಳು ಬೇಸಿಗೆಯಲ್ಲಿ ಕೊಡೆ ಹಿಡಿಯುತ್ತಾರೆ. ಚಾರಣಿಗರು ನಾಚಿಕೆಪಟ್ಟುಕೊಂಡು ಬಿಟ್ಟುಹೋಗುವ ವಸ್ತು ಅದು. ಜೊತೆಯಲ್ಲೇ ನಡೆಯುವ ನೆರಳು ಬೇರೆ ಯಾವುದರಿಂದ ಸಿಗುತ್ತದೆ?

ಇನ್ನು ಕಾಲು. ಬೆಟ್ಟದ ಬುಡದಲ್ಲಿ, ಕಾಲುವೆಯ ದಂಡೆಯಲ್ಲಿ, ಬೀಳುಬಿದ್ದ ಹೊಲದಲ್ಲಿ ಬಳ್ಳಾರಿ ಜಾಲಿ ಹಬ್ಬಿಕೊಂಡಿದೆ. ಅದರ ಮುಳ್ಳು ಓಟದ ಶೂವಿನ ನೊರೆಯಂಥ ಮೆತ್ತನೆ ಅಟ್ಟೆಯನ್ನು ಸುಲಭವಾಗಿ ತೂರಿ ಬರುತ್ತದೆ. ನೆಲಕ್ಕಂಟಿ ಬೆಳೆಯುವ ನೆಗ್ಗಿಲಮುಳ್ಳು ಅಟ್ಟೆಯಲ್ಲಿ ಸಿಕ್ಕಿಕೊಂಡು ಹೆಜ್ಜೆಹೆಜ್ಜೆಗೂ ಒಳಗೆ ಸರಿಯುತ್ತದೆ. ಲಾರಿ ಟೈರಿನಿಂದ ಕತ್ತರಿಸಿ ಮಾಡಿದ ಚಪ್ಪಲಿ ಇಲ್ಲಿ ಚೆನ್ನಾಗಿ ನಿಲ್ಲುವುದು ಟೈರಿನ ರಬ್ಬರಿನೊಳಗೆ ಪದರಪದರವಾಗಿ ಹೆಣೆದ ದಾರವಿರುವುದರಿಂದ. ಮುಳ್ಳು ರಬ್ಬರನ್ನು ದಾಟಿದರೂ ಆ ಹೆಣಿಗೆಯಲ್ಲಿ ನಿಂತುಬಿಡುತ್ತದೆ. ಹಾಗೆಂದು ಹೊಸಬರು ಟೈರ್ ಚಪ್ಪಲಿ ಹಾಕಿ ಬಂಡೆ ಹತ್ತುವುದು ಬೇಡ. ಅದು ಗಡುಸು, ಕಾಲಿಗೆ ಬಿಗಿಯಾಗಿ ಕೂರುವುದಿಲ್ಲ. ಗಟ್ಟಿ ಅಟ್ಟೆಯ, ಹಿಮ್ಮಡಿಯ ಗಂಟನ್ನು ಮುಚ್ಚುವ ಶೂ ಕೊಳ್ಳಿ. ಕೊಳ್ಳುವಾಗ ಅಟ್ಟೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಬೆರಳು ಇಳಿದರೆ ಮುಳ್ಳೂ ಇಳಿಯುತ್ತದೆ. ಕಾಲುಚೀಲದ ಮೇಲೆ ಪ್ಯಾಂಟಿನ ಅಂಚು ಬರಲಿ, ಇಲ್ಲದಿದ್ದರೆ ಮಳೆಗಾಲ ಕಳೆದ ಮೇಲೆ ಹುಲ್ಲಿನ ಊಬು ಕಾಲುಚೀಲದೊಳಗೆ ಹೊಕ್ಕು ಚುಚ್ಚುತ್ತದೆ. ಚೇಳು ಹಾವುಗಳ ಸೀಮೆಯಾದ್ದರಿಂದ ಬಿಚ್ಚಿಟ್ಟ ಶೂವನ್ನು ಕೊಡವದೆ ಹಾಕಿಕೊಳ್ಳಬಾರದು.

ಮಳೆ ಬಿದ್ದ ಮರುದಿನ ಎರೆಹೊಲದ ದಾರಿ ಹಿಡಿಯಬೇಡಿ. ಎರೆಮಣ್ಣಿನ ಜೇಡಿ ನೀರು ಕುಡಿದು ಉಬ್ಬಿ ಅಂಟಾಗುತ್ತದೆ. ಅಟ್ಟೆಯ ಗೆರೆಗಳು ಆಳವಿದ್ದಷ್ಟೂ ಮಣ್ಣು ಹೆಚ್ಚು ಕಚ್ಚಿಕೊಳ್ಳುತ್ತದೆ, ನೂರು ಹೆಜ್ಜೆಯಲ್ಲಿ ಕಾಲು ಎತ್ತುವುದೇ ಕಷ್ಟ. ಹೊಲದವರು ಮೆಟ್ಟು ಕೈಯಲ್ಲಿ ಹಿಡಿದು ಬರಿಗಾಲಲ್ಲಿ ದಾಟುತ್ತಾರೆ.

ಕೋಟೆಯ ದಾರಿ ಬಿಟ್ಟು ಬಂಡೆಯನ್ನೇ ಹತ್ತುವವರಿಗೆ ಬೇಕಾದದ್ದು ಬೇರೆ. ಹಂಪಿಯ ಬಂಡೆಗಳು ಇಂದು ಬಂಡೆ ಹತ್ತುವವರ ಲೋಕದಲ್ಲಿ ಹೆಸರಾಗಿವೆ. ಆದೋನಿಯದೂ ಅದೇ ಬಗೆಯ, ಸುಮಾರು 250 ಕೋಟಿ ವರ್ಷದಷ್ಟು ಹಳೆಯ ಕಲ್ಲು. ಹರಳುಹರಳಾದ ಮೇಲ್ಮೈಗೆ ಮೆತ್ತನೆಯ, ಗೆರೆಯಿಲ್ಲದ ರಬ್ಬರು ಒತ್ತಿಕೊಂಡಾಗ ಹಿಡಿತ ಹುಟ್ಟುತ್ತದೆ. ಹತ್ತುವವರ ಶೂವಿನ ಅಡಿ ನುಣ್ಣಗಿರುವುದು ಅದಕ್ಕೇ. ಬಂಡೆ ಕಾದಾಗ ರಬ್ಬರು ಸಡಿಲವಾಗುತ್ತದೆ, ಅಂಗೈ ಬೆವರುತ್ತದೆ, ಹಿಡಿತ ಹೋಗುತ್ತದೆ. ಹೀಗಾಗಿ ನವೆಂಬರಿನಿಂದ ಜನವರಿಯವರೆಗಿನ ಮುಂಜಾವೇ ಕಾಲ, ಹತ್ತು ಗಂಟೆಯೊಳಗೆ ಇಳಿಯುವುದು ಕ್ಷೇಮ. ಇಂಥ ಒಂಟಿ ಬಂಡೆಗುಡ್ಡಗಳನ್ನು ಕೀಳಾಗಿ ಕಾಣಬಾರದು. 2014ರ ಮೇ 25ರಂದು 13 ವರ್ಷದ ಮಾಲಾವತ್ ಪೂರ್ಣಾ ಎವರೆಸ್ಟ್ ಏರಿದಳು. ಆ ಹುಡುಗಿಯ ಮೊದಲ ಪಾಠ ನಡೆದದ್ದು ತೆಲಂಗಾಣದ ಭುವನಗಿರಿಯ ಕೋಟೆಬಂಡೆಯ ಮೇಲೆ.

ಈಗ ಕಂಬಳಿಯ ವಿಷಯ. ನಾನು ಇಷ್ಟು ಬರೆಯಲು ಹೊರಟಿದ್ದೇ ಅದಕ್ಕಾಗಿ.

1953ರ ಅಕ್ಟೋಬರಿನವರೆಗೆ ಆದೋನಿ, ಆಲೂರು ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಲ್ಲೇ ಇದ್ದವು. ಆಮೇಲೆ ಗಡಿ ನಡುವೆ ಬಂತು, ಕುರುಬರ ನಂಟಸ್ತನ ಮಾತ್ರ ಎರಡೂ ಕಡೆ ಉಳಿಯಿತು. ಹೊಳಗುಂದದ ಬಳಿಯ ದೇವರಗಟ್ಟಿನ ಮಾಳಮ್ಮ ಮಲ್ಲೇಶ್ವರರ ಜಾತ್ರೆಗೆ ಕರ್ನಾಟಕದಿಂದಲೂ ಜನ ಹೋಗುತ್ತಾರೆ. ಇತ್ತ ಹೂವಿನಹಡಗಲಿ ಕಡೆಯ ಮೈಲಾರದೇವರ ಭಕ್ತರಾದ ಗೊರವರು ಇಂದಿಗೂ ಮೈಗೆ ಕಂಬಳಿ, ತಲೆಗೆ ಕರಡಿಗೂದಲಿನ ಟೋಪಿ ತೊಡುತ್ತಾರೆ. ಅಡವಿಯಲ್ಲಿ ತಿರುಗುವವನ ಉಡುಪೇ ದೇವರ ಪರಿವಾರದ ಉಡುಪೂ ಆಗಿದೆ.

ಒಳ್ಳೆಯ ಕಂಬಳಿ ದಖ್ಖನಿ ಕುರಿಯ ಕರಿ ಉಣ್ಣೆಯದು. ಕುರಿಗಳನ್ನು ಕೆರೆಯಲ್ಲೋ ಹಳ್ಳದಲ್ಲೋ ಮೈತೊಳೆದು, ವರ್ಷಕ್ಕೆ ಎರಡು ಸಲ ಕತ್ತರಿಯಿಂದ ಉಣ್ಣೆ ಕತ್ತರಿಸುತ್ತಾರೆ. ಹೆಂಗಸರು ಅದನ್ನು ಹಿಂಜಿ ರಾಟೆಯಲ್ಲಿ ನೂಲುತ್ತಾರೆ. ಹಾಸಿನ ನೂಲಿಗೆ ಹುಣಸೆಬೀಜ ಅರೆದು ಬೇಯಿಸಿದ ಸರಿ ಹಚ್ಚಿ ಬಿಸಿಲಲ್ಲಿ ಎಳೆದು ಒಣಗಿಸುತ್ತಾರೆ. ಒರಟಾದ ಎಳೆಗಳು ಮಗ್ಗದಲ್ಲಿ ಕಡಿಯದಿರಲಿ ಎಂದು ಈ ಸರಿ. ಹೊಸ ಕಂಬಳಿ ಹಲಗೆಯಂತೆ ಬಿರುಸಾಗಿರುವುದೂ ಅದರಿಂದಲೇ. ಬಳಸುತ್ತ ಹೋದಂತೆ ಸಡಿಲವಾಗುತ್ತದೆ. ಕಾರ್ಖಾನೆಯ ಉಣ್ಣೆಯನ್ನು ಸೋಪಿನಲ್ಲಿ ತೊಳೆದು ಅದರ ಜಿಡ್ಡು ತೆಗೆದಿರುತ್ತಾರೆ. ಕಂಬಳಿಯಲ್ಲಿ ಆ ಜಿಡ್ಡು ಸಾಕಷ್ಟು ಉಳಿದಿರುತ್ತದೆ, ಮಳೆ ತಡೆಯುವುದರಲ್ಲಿ ಅದರ ಪಾಲಿದೆ.

ಉಣ್ಣೆಯ ಎಳೆಯ ಹೊರಮೈ ನೀರಿನ ಹನಿಯನ್ನು ದೂರ ತಳ್ಳುತ್ತದೆ. ಒಳತಿರುಳು ಮಾತ್ರ ನೀರಿನ ಆವಿಯನ್ನು ಹೀರುತ್ತದೆ, ತನ್ನ ತೂಕದ ಮೂರನೇ ಒಂದು ಪಾಲಿನಷ್ಟು ಹೀರಿದರೂ ಮುಟ್ಟಿದರೆ ಒದ್ದೆ ಅನ್ನಿಸುವುದಿಲ್ಲ. ಹೀರುವಾಗ ಸ್ವಲ್ಪ ಶಾಖವನ್ನೂ ಬಿಡುತ್ತದೆ. ಎಳೆಗಳು ಸುರುಳಿಸುರುಳಿಯಾಗಿರುವುದರಿಂದ ಒಂದರೊಳಗೊಂದು ಒತ್ತಿಕೊಳ್ಳದೆ ನಡುವೆ ಗಾಳಿ ನಿಲ್ಲುತ್ತದೆ. ಆ ನಿಂತ ಗಾಳಿಯೇ ಬೆಚ್ಚಗಿಡುವುದು. ಹತ್ತಿ ನೆನೆದರೆ ಎಳೆ ಕುಸಿದು ಗಾಳಿಯ ಜಾಗವನ್ನೆಲ್ಲ ನೀರು ತುಂಬುತ್ತದೆ. ನೆನೆದ ಉಣ್ಣೆಯಲ್ಲಿ ಸುರುಳಿ ಅಷ್ಟು ಬೇಗ ಕುಸಿಯುವುದಿಲ್ಲ. ಮಳೆ ನಿಂತ ಮೇಲೆ ಹಸಿ ಕಂಬಳಿ ಹೊದ್ದವನು ನಡುಗದೆ ಕೂರುತ್ತಾನೆ, ಒದ್ದೆ ಪಂಚೆಯವನು ನಡುಗುತ್ತಾನೆ. 1924ರಲ್ಲಿ ಎವರೆಸ್ಟಿಗೆ ಹೋದ ಪರ್ವತಾರೋಹಿ ಮ್ಯಾಲೊರಿ ತೊಟ್ಟದ್ದೂ ರೇಷ್ಮೆ, ಹತ್ತಿ, ಉಣ್ಣೆಯ ಪದರಗಳೇ.

ದಖ್ಖನಿ ಉಣ್ಣೆ ಒರಟು, ಅದರ ಎಳೆ ಪೇಟೆಯ ಮೆರಿನೋಗಿಂತ ಸುಮಾರು ಎರಡು ಪಟ್ಟು ದಪ್ಪ. ದಪ್ಪ ಎಳೆಯ ತುದಿ ಚರ್ಮಕ್ಕೆ ತಾಗಿದಾಗ ಬಾಗದೆ ಚುಚ್ಚುತ್ತದೆ. ಹೀಗಾಗಿ ಕಂಬಳಿಯನ್ನು ಬರಿಮೈಗೆ ಹೊದೆಯಬೇಡಿ, ಹತ್ತಿ ಅಂಗಿಯ ಮೇಲೆ ಹೊದೆಯಿರಿ. ಇದೇ ಒರಟುತನ ಅದನ್ನು ವರ್ಷಾನುಗಟ್ಟಲೆ ಬಾಳಿಸುತ್ತದೆ. ಬಂಡೆಯ ಮೇಲೆ ಹಾಸಿ ಮಲಗಿದರೂ ಸವೆಯದು.

ಮಳೆಗೆ ಕೊಪ್ಪೆ ಹಾಕುವ ಕ್ರಮ ಕಲಿಯುವುದು ಒಳ್ಳೆಯದು. ಕಂಬಳಿಯ ಒಂದು ತುದಿಯ ಎರಡು ಮೂಲೆಗಳನ್ನು ಕೂಡಿಸಿ ಹಿಡಿದರೆ ಮುಮ್ಮೂಲೆಯ ಚೀಲವಾಗುತ್ತದೆ. ಅಂಚನ್ನು ದಾರದಿಂದಲೋ ಪಿನ್ನಿನಿಂದಲೋ ಬಿಗಿದು ಆ ಚೀಲವನ್ನು ತಲೆಗೆ ಸಿಕ್ಕಿಸಿ, ಉಳಿದದ್ದನ್ನು ಬೆನ್ನಿನ ಮೇಲೆ ಇಳಿಬಿಡಬೇಕು. ನೀರು ತಲೆಯಿಂದ ಬೆನ್ನಿಗೆ, ಬೆನ್ನಿನಿಂದ ನೆಲಕ್ಕೆ ಜಾರುತ್ತದೆ. ಕುಕ್ಕರಗಾಲಲ್ಲಿ ಕೂತರೆ ಅದೇ ಗುಡಾರ. ಇಳಿಜಾರಿದ್ದಲ್ಲಿ ಮಾತ್ರ ನೀರು ಜಾರುತ್ತದೆ; ಮೊದಲು ಸೋರುವುದು ಹೆಗಲು, ಯಾಕೆಂದರೆ ಅಲ್ಲಿ ಬಟ್ಟೆ ಮೈಗೆ ಒತ್ತಿಕೊಂಡಿರುತ್ತದೆ. ಗಂಟೆಗಟ್ಟಲೆ ಸುರಿದರೆ ಕಂಬಳಿ ನೀರು ಕುಡಿದು ಭಾರವಾಗುವುದೂ ಖಂಡಿತ. ಅಂಥ ಮಳೆಗೆ ಗೊಬ್ಬರದ ಪ್ಲಾಸ್ಟಿಕ್ ಚೀಲದ ಕೊಪ್ಪೆಯನ್ನು ಅದರ ಮೇಲೆ ಹಾಕುತ್ತಾರೆ, ಅದು ಬುದ್ಧಿವಂತಿಕೆಯ ಜೋಡಿ. ಬೆಲೆಬಾಳುವ ಗೋರ್‌ಟೆಕ್ಸ್ ಜಾಕೆಟ್ಟಿನ ಸೂಕ್ಷ್ಮ ರಂಧ್ರಗಳ ಮೂಲಕ ಮೈಯ ಆವಿ ಹೊರಹೋಗಬೇಕಾದರೆ ಹೊರಗಿನ ಗಾಳಿಯಲ್ಲಿ ಆವಿ ಕಡಿಮೆ ಇರಬೇಕು. ಸೆಪ್ಟೆಂಬರಿನ ಬೆಚ್ಚನೆ ಮಳೆಯಲ್ಲಿ ಒಳಗೂ ಹೊರಗೂ ಅಷ್ಟೇ ಆವಿ. ಜಾಕೆಟ್ಟಿನೊಳಗೆ ನೆನೆಯುವುದು ಬೆವರಿನಿಂದ. ಹಿಮಾಲಯಕ್ಕೆ ಹೊರಟವರು ಅದನ್ನು ಖಂಡಿತ ಕೊಳ್ಳಲಿ. ಇಲ್ಲಿಗೆ ಬೇಕಿಲ್ಲ. ಗುಡುಗು ಕೇಳಿದರೆ ಮಾತ್ರ ಯಾವ ಉಡುಪನ್ನೂ ನಂಬದೆ ಬಂಡೆಯ ನೆತ್ತಿಯಿಂದ ಇಳಿದುಬಿಡಬೇಕು.

ಬೆಂಕಿಯ ಹತ್ತಿರ ಉಣ್ಣೆ ನಂಬಿಗಸ್ತ. ಕಿಡಿ ಬಿದ್ದರೆ ಅಷ್ಟೇ ಜಾಗ ಕರಕಲಾಗಿ ಆರುತ್ತದೆ. ಪಾಲಿಯೆಸ್ಟರ್ 260 ಡಿಗ್ರಿ ಆಸುಪಾಸಿನಲ್ಲಿ ಕರಗಿ ಚರ್ಮಕ್ಕೆ ಅಂಟುತ್ತದೆ. ವಿಜಯದಶಮಿಯ ರಾತ್ರಿ ದೇವರಗಟ್ಟಿನ ಗುಡ್ಡದಲ್ಲಿ ಸಾವಿರಾರು ಜನ ಕೋಲು, ಪಂಜು ಹಿಡಿದು ನುಗ್ಗುವ ಬನ್ನಿ ಉತ್ಸವ ನೋಡಲು ಹೋಗುವವರು ಪಾಲಿಯೆಸ್ಟರ್ ತೊಟ್ಟು ಹೋಗಲೇಬಾರದು. ಪ್ರತಿವರ್ಷ ಅಲ್ಲಿ ತಲೆಗೆ ಪೆಟ್ಟು ತಿನ್ನುವವರಿರುತ್ತಾರೆ, ದೂರದಲ್ಲಿ ನಿಲ್ಲುವುದು ಬಟ್ಟೆಗಿಂತ ಮುಖ್ಯ.

ಕಂಬಳಿಯನ್ನು ಬಿಚ್ಚಿ ಚೀಲಕ್ಕೆ ಸೇರಿಸಬೇಕಾದ ಜಾಗವೂ ಒಂದಿದೆ. ಬಂಡೆಯ ಚಾಚಿನಡಿ ಹೆಜ್ಜೇನಿನ ತಟ್ಟಿಗಳಿದ್ದರೆ, ಕಪ್ಪಾದ, ಕೂದಲುಕೂದಲಾದ ಬಟ್ಟೆ ಅವುಗಳನ್ನು ಕೆರಳಿಸುತ್ತದೆ. ಜೇನು ಸಾಕುವವರು ಬಿಳಿಯ, ನುಣ್ಣನೆಯ ಬಟ್ಟೆ ತೊಡುವುದು ಅದಕ್ಕೇ. ಅಂಥ ಕಡೆ ಸುಗಂಧ ಪೂಸಿಕೊಂಡೂ ಹೋಗಬಾರದು, ಬೆಂಕಿ ಹಾಕಲೂ ಬಾರದು, ಕೂಗಾಟವೂ ಬೇಡ.

ಕೊಳ್ಳುವುದೆಲ್ಲಿ? ಚಳ್ಳಕೆರೆಯ ಮತ್ತು ರಾಣೆಬೆನ್ನೂರು ಕಡೆಯ ಮೆಡ್ಲೇರಿಯ ಕಂಬಳಿಗೆ ಹೆಸರಿದೆ. ಮಾಂಸದ ಬೆಲೆ ಏರಿ ಉಣ್ಣೆಯ ಬೆಲೆ ಬಿದ್ದದ್ದರಿಂದ ಎಷ್ಟೋ ಕುರುಬರು ಉಣ್ಣೆಯಿಲ್ಲದ ತಳಿಗಳಿಗೆ ಬದಲಾಗಿದ್ದಾರೆ. ಕತ್ತರಿಸಿದ ಉಣ್ಣೆ ಕೊಳ್ಳುವವರಿಲ್ಲದೆ ಹಾಳಾಗುವುದೂ ಉಂಟು. ಹೀಗೆ ಒಂದು ಸೀಮೆ ತನ್ನ ಬಿಸಿಲು ಮಳೆಗೆ ತಕ್ಕಂತೆ ತಾನೇ ರೂಪಿಸಿಕೊಂಡ ವಸ್ತು ಸಂತೆಯಿಂದ ಮರೆಯಾಗುತ್ತಿರುವುದು ನೋವಿನ ಸಂಗತಿ. ಆ ಜಾಗದಲ್ಲಿ ಚಿಂದಿಯಿಂದ ನೂತ ಕರಿ ಹೊದಿಕೆ, ಅಕ್ರಿಲಿಕ್ ಹೊದಿಕೆಗಳು ಕಂಬಳಿಯೆಂದೇ ಮಾರಾಟವಾಗುತ್ತವೆ. ಪರೀಕ್ಷೆ ಸುಲಭ. ಅಂಚಿನಿಂದ ಒಂದು ಎಳೆ ಕಿತ್ತು ಸುಡಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಉಳಿದ ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಅಕ್ರಿಲಿಕ್, ಪಾಲಿಯೆಸ್ಟರ್ ಆದರೆ ಗಟ್ಟಿ ಮಣಿಯೊಂದು ಉಳಿಯುತ್ತದೆ.

ತೂಕ ಎರಡು ಕಿಲೋ ಆಸುಪಾಸು. ಹಗಲು ಏರುವಾಗ ಮಡಚಿ ಬೆನ್ನಿಗೆ ಅಡ್ಡ ಕಟ್ಟಿಕೊಂಡರೆ ಕೈ ಖಾಲಿ ಇರುತ್ತದೆ. ಕೂತಲ್ಲಿ ಅದೇ ಹಾಸು, ಡಿಸೆಂಬರಿನ ರಾತ್ರಿ ಉಷ್ಣಾಂಶ 15 ಡಿಗ್ರಿ ಆಸುಪಾಸಿಗೆ ಇಳಿದಾಗ ಅದೇ ಹೊದಿಕೆ. ಮನೆಗೆ ತಂದ ಮೇಲೆ ಪದೇ ಪದೇ ಒಗೆಯಬೇಡಿ. ಬಿಸಿಲಿಗೆ ಹಾಕಿ ಕೊಡವಿದರೆ ಬೆವರಿನ ವಾಸನೆ ಹೋಗುತ್ತದೆ. ಒಗೆಯಲೇಬೇಕಾದರೆ ತಣ್ಣೀರಿನಲ್ಲಿ ಅದ್ದಿ ತೆಗೆಯಿರಿ. ಬಿಸಿನೀರಿನಲ್ಲಿ ಉಜ್ಜಿದರೆ ಎಳೆಗಳ ಮೇಲಿನ ಹುರುಪೆಗಳು ಒಂದಕ್ಕೊಂದು ಕಚ್ಚಿಕೊಂಡು ಕಂಬಳಿ ಕುಗ್ಗಿ ಗಂಟಾಗುತ್ತದೆ. ಹಿಂಡದೆ, ನೇತುಹಾಕದೆ, ಚಪ್ಪಟೆಯಾಗಿ ಹರವಿ ಒಣಗಿಸಿ. ನೇತುಹಾಕಿದರೆ ನೀರಿನ ಭಾರಕ್ಕೆ ಜಗ್ಗಿ ಆಕಾರ ಕೆಡುತ್ತದೆ. ಪೂರ್ತಿ ಒಣಗಿದ ಮೇಲೆ ಮಡಿಕೆಗಳ ನಡುವೆ ಬೇವಿನ ಸೊಪ್ಪಿಟ್ಟರೆ ನುಸಿ ಹತ್ತುವುದಿಲ್ಲ.